ಮನೆ ಒಳಗಿನ ಪೇಂಟಿಂಗ್ ಸರ್ವಿಸ್: 4 ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ

ಪೇಂಟಿಂಗ್ ಮುಗಿದ ವಾರವೇ ಬರೆದ ವಿಮರ್ಶೆಗಳನ್ನು ನಾನು ನಂಬುವುದಿಲ್ಲ. ಆ ವಾರ ಎಲ್ಲರ ಮನೆ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಮನೆ ಶಿವಮೊಗ್ಗದಲ್ಲಿದೆ. ಒಳಗಿನ ಪೇಂಟಿಂಗ್ ಆದದ್ದು 2022ರ ಜನವರಿ-ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆಯೇ ಮಾಡಿಸುವ ಯೋಚನೆ ಇತ್ತು. ಆದರೆ 2021ರ ನವೆಂಬರ್‌ನಲ್ಲಿ ಅಕಾಲದ ಮಳೆ ಹೊಡೆದು ಗೋಡೆಗಳು ಒಣಗಲೇ ಇಲ್ಲ. ಕೆಲಸ ಮಾಡಿದ್ದು ಒಂದು ದೊಡ್ಡ ಬಣ್ಣದ ಕಂಪನಿಯ ಪೇಂಟಿಂಗ್ ಸರ್ವಿಸ್, ಇಲ್ಲಿನ ಡೀಲರ್ ಮೂಲಕ. ಹೆಸರು ಹಾಕುವುದಿಲ್ಲ. ಊರಿಂದ ಊರಿಗೆ ಡೀಲರ್ ಬೇರೆ, ಕೆಲಸದವರು ಬೇರೆ. ಹೆಸರು ಗೊತ್ತಾದರೂ ನಿಮಗೆ ಅದರಿಂದ ಅಂಥ ಪ್ರಯೋಜನವಿಲ್ಲ.

ಮೊದಲು ಅಂಕ ಹೇಳಿಬಿಡುತ್ತೇನೆ. ಕೆಳಗಿನ ಹಾಲ್ ಮತ್ತು ಅಡುಗೆಮನೆಗೆ 5ಕ್ಕೆ ನಾಲ್ಕೂವರೆ. ಮಹಡಿ ಕೋಣೆಗೆ 1. ಮನೆ ಒಂದೇ, ಬಣ್ಣ ಒಂದೇ, ಬಿಲ್ಲೂ ಒಂದೇ. ಬೇರೆಯಾಗಿದ್ದು ಬಣ್ಣ ಹಚ್ಚುವುದಕ್ಕೆ ಮುಂಚಿನ ಕೆಲಸ ಮಾತ್ರ.

ಮನೆ 90ರ ದಶಕದ್ದು. ಗೋಡೆಗೆ ಮೊದಲು ಸುಣ್ಣ, ಆಮೇಲೆ ಡಿಸ್ಟೆಂಪರ್ (ನೀರಲ್ಲಿ ಕಲಸಿ ಹಚ್ಚುವ, ಹಳೆಯದಾದರೆ ಪುಡಿ ಬಿಡುವ ಅಗ್ಗದ ಬಣ್ಣ), ಅದರ ಮೇಲೆ ಇನ್ನೊಂದು ಡಿಸ್ಟೆಂಪರ್, ಕೊನೆಗೆ ಒಂದು ಅಗ್ಗದ ಎಮಲ್ಷನ್, ಅಂದರೆ ಪ್ಲಾಸ್ಟಿಕ್ ಪೇಂಟ್. ಹಬ್ಬಕ್ಕೊಂದು, ಮದುವೆಗೊಂದು ಅಂತ ಹಚ್ಚಿಸುತ್ತಾ ಬಂದಿದ್ದು. ಹಳೇ ಮನೆ ಇರುವವರಿಗೆಲ್ಲ ಈ ಪದರಗಳ ಕಥೆ ಗೊತ್ತೇ ಇರುತ್ತದೆ.

ರೇಟ್ ಕೇಳಿದಾಗ ನಮ್ಮ ಬಡಾವಣೆಯ ಪೇಂಟಿಂಗ್ ಮೇಸ್ತ್ರಿ ಹಾಲ್ ಮಧ್ಯೆ ನಿಂತು ಸುತ್ತ ಒಮ್ಮೆ ನೋಡಿ ಒಟ್ಟು ಮೊತ್ತ ಹೇಳಿದರು. ಚೀಟಿಯಲ್ಲಿ ಇದ್ದದ್ದು 'ಪುಟ್ಟಿ, ಪ್ರೈಮರ್, ಎರಡು ಕೋಟ್', ಅಷ್ಟೇ. ಪುಟ್ಟಿ ಅಂದರೆ ಗೋಡೆ ನುಣುಪು ಮಾಡುವ ಲೇಪ, ಪ್ರೈಮರ್ ಅಂದರೆ ಬಣ್ಣಕ್ಕೆ ಮುಂಚಿನ ಅಡಿ ಕೋಟ್. ಕಂಪನಿ ಸೂಪರ್‌ವೈಸರ್ ಲೇಸರ್ ಉಪಕರಣದಲ್ಲಿ ಒಂದೊಂದು ಗೋಡೆ ಅಳೆದರು, ತೇವ ನೋಡುವ ಮೀಟರ್ ಒತ್ತಿ ನೋಡಿದರು, ಕೋಣೆವಾರು ಪಟ್ಟಿ ಕಳಿಸಿದರು. ರೇಟ್ ಮೇಸ್ತ್ರಿಗಿಂತ ಮೂರನೇ ಒಂದರಷ್ಟು ಜಾಸ್ತಿ. ಒಂದು ಮಾತು: ಪೇಂಟಿಂಗ್ ಲೆಕ್ಕ ನೆಲದ ಚದರಡಿ ಮೇಲೆ ಅಲ್ಲ, ಗೋಡೆ ಮತ್ತು ಸೀಲಿಂಗ್ ಮೇಲೆ. ಸಾಮಾನ್ಯವಾಗಿ ಕಾರ್ಪೆಟ್ ಏರಿಯಾದ (ಗೋಡೆ ಬಿಟ್ಟು ಒಳಗಿನ ನೆಲದ ಅಳತೆ) 3ರಿಂದ ಮೂರೂವರೆ ಪಟ್ಟು ಬರುತ್ತದೆ. ಮೊದಲ ಸಲ ನೋಡಿದವರು ಹೌಹಾರುತ್ತಾರೆ. ಬಾಗಿಲು ಕಿಟಕಿ ಜಾಗ ಕಳೆದಿದ್ದಾರೋ ಇಲ್ಲವೋ ಅಂತ ಕೇಳಿಕೊಳ್ಳಿ.

ನಾವು ಕಂಪನಿಯನ್ನು ಆರಿಸಿದ್ದು ಆ ಪಟ್ಟಿಯ ಒಂದು ಸಾಲಿಗಾಗಿ. 'ಹಳೇ ಡಿಸ್ಟೆಂಪರ್ ಪ್ಲಾಸ್ಟರ್ ಕಾಣುವವರೆಗೆ ಪೂರ್ತಿ ತೆಗೆಯುವುದು' ಅಂತ ಬರೆದಿದ್ದರು. ಚದರಡಿಗೆ ಅದಕ್ಕೇ ಬೇರೆ ರೇಟ್.

ಹಾಲ್‌ನಲ್ಲಿ ಅವರು ಬರೆದ ಹಾಗೆಯೇ ಮಾಡಿದರು. ಕಂಪನಿ ಕಡೆಯಿಂದ ಬಂದ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಮೊದಲು ಗೋಡೆಗೆ ಒದ್ದೆ ಕೈ ಉಜ್ಜಿ ಅಮ್ಮನಿಗೆ ತೋರಿಸಿದರು. ಕೈತುಂಬ ಹಳದಿ ಪುಡಿ. "ಇದರ ಮೇಲೆ ಏನ್ ಹಾಕಿದ್ರೂ ನಿಲ್ಲಲ್ಲ ಅಮ್ಮಾ" ಅಂದರು. ಇನ್ನೊಂದು ಪರೀಕ್ಷೆಯೂ ಇದೆ. ಪ್ಯಾಕಿಂಗ್ ಟೇಪ್ ಗೋಡೆಗೆ ಒತ್ತಿ ಅಂಟಿಸಿ, ಸರಕ್ಕನೆ ಎಳೆಯಿರಿ. ಟೇಪ್ ಜೊತೆ ಬಣ್ಣ ಬಂದರೆ ಕೆರೆಯದೆ ಬೇರೆ ದಾರಿಯಿಲ್ಲ.

ಡಿಸ್ಟೆಂಪರ್ ತೆಗೆಯುವುದು ಒಣ ಕೆಲಸ ಅಲ್ಲ. ಗೋಡೆಗೆ ನೀರು ಹೊಡೆದು ನೆನೆಯಲು ಬಿಟ್ಟು, ಬ್ಲೇಡಿನಿಂದ ಕೆರೆದು, ಮತ್ತೆ ನೀರಲ್ಲಿ ಒರೆಸಬೇಕು. ನೆಲದ ಮೇಲೆ ಹಳದಿ ಕೆಸರು. ಅದಾದ ಮೇಲೆ ಗೋಡೆ ಒಣಗಲು ಬಿಟ್ಟರು. ಕೂದಲೆಳೆಯಂಥ ಬಿರುಕಿಗೆ ಕ್ರ್ಯಾಕ್ ಪೇಸ್ಟ್ ತುಂಬಿದರು. ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ಮೇಲಿಂದ ಕೆಳಗೆ ಒಂದು ಉದ್ದ ಬಿರುಕು ಇತ್ತು. ಅದನ್ನು ಉಳಿಯಿಂದ ಇನ್ನಷ್ಟು ಅಗಲ ಮಾಡಿದರು! ಅಮ್ಮ ಗಾಬರಿಯಾದರು. ಕಾಂಕ್ರೀಟ್ ಮತ್ತು ಇಟ್ಟಿಗೆ ಬಿಸಿಲಿಗೆ ಒಂದೇ ಥರ ಹಿಗ್ಗುವುದಿಲ್ಲ, ಹಾಗಾಗಿ ಆ ಸೇರುವೆ ಪ್ರತಿ ವರ್ಷ ಬಾಯಿ ಬಿಡುತ್ತದೆ. ಬಿಡಿಸಿ, ಪಾಲಿಮರ್ ಗಾರೆ ತುಂಬಿ, ಮೇಲೆ ಫೈಬರ್ ಜಾಲರಿ ಪಟ್ಟಿ ಕೂರಿಸಿದರು. ಅಲ್ಲಿ ಇವತ್ತಿನವರೆಗೂ ಗೆರೆ ಕಾಣಿಸಿಲ್ಲ. ಹಿಂದಿನ ಪೇಂಟಿಂಗ್‌ಗಳಲ್ಲಿ ಮೊದಲ ಬೇಸಿಗೆಗೇ ಬಾಯಿ ಬಿಡುತ್ತಿತ್ತು.

ಆಮೇಲೆ ಬಿಳಿ ಸಿಮೆಂಟಿನ ಪುಟ್ಟಿ, ಎರಡು ಕೋಟ್. ಇದನ್ನು ಹಾಕುವ ಮುಂಚೆ ಗೋಡೆಯನ್ನು ಸ್ವಲ್ಪ ಒದ್ದೆ ಮಾಡಬೇಕು. ಇಲ್ಲದಿದ್ದರೆ ಒಣ ಪ್ಲಾಸ್ಟರ್ ಪುಟ್ಟಿಯಲ್ಲಿರುವ ನೀರನ್ನು ಹೀರಿಬಿಡುತ್ತದೆ, ಸಿಮೆಂಟ್ ಗಟ್ಟಿಯಾಗಲು ನೀರು ಉಳಿಯುವುದಿಲ್ಲ. ಒಂದೊಂದು ಕೋಟೂ ತೆಳುವಾಗಿಯೇ ಇರಬೇಕು. ಗೋಡೆ ಡೊಂಕಿದೆ ಅಂತ ಪುಟ್ಟಿಯನ್ನೇ ದಪ್ಪ ಮೆತ್ತುವವರಿದ್ದಾರೆ. ಅದು ಪುಟ್ಟಿಯ ಕೆಲಸವಲ್ಲ, ಗಾರೆಯ ಕೆಲಸ. ಉಜ್ಜುವಾಗ ಮೇಸ್ತ್ರಿ ಒಂದು ಬಲ್ಬನ್ನು ಗೋಡೆಗೆ ತಾಗಿದ ಹಾಗೆ ಓರೆಯಾಗಿ ಹಿಡಿಯುತ್ತಿದ್ದರು. ಎದುರಿನಿಂದ ನೋಡಿದರೆ ಸಮ ಕಾಣುವ ಗೋಡೆಯ ಉಬ್ಬುತಗ್ಗೆಲ್ಲ ಆ ಬೆಳಕಿಗೆ ಎದ್ದು ಕಾಣುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ ಮತ್ತೆ ಪುಟ್ಟಿ. ಪೂರ್ತಿ ಪ್ರೈಮರ್ ಆಗುವ ಹೊತ್ತಿಗೆ ನಾವು ಸುಸ್ತಾಗಿದ್ದೆವು. ಬಣ್ಣದ ಎರಡು ಕೋಟ್ ಮಾತ್ರ ನೋಡುನೋಡುತ್ತಲೇ ಮುಗಿದುಹೋಯಿತು.

'ಧೂಳಿಲ್ಲದ ಪೇಂಟಿಂಗ್' ಅನ್ನುವ ಜಾಹೀರಾತಿನ ಬಗ್ಗೆಯೂ ಹೇಳಬೇಕು. ಉಜ್ಜುವ ಯಂತ್ರಕ್ಕೆ ಧೂಳು ಹೀರುವ ಪೈಪ್ ಇರುತ್ತದೆ, ನಿಜ. ಅಗಲ ಗೋಡೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮೂಲೆ, ಸ್ವಿಚ್ ಬೋರ್ಡ್ ಸುತ್ತ, ಕಿಟಕಿ ಪಕ್ಕ, ಸಜ್ಜೆಯ ಕೆಳಗೆ ಎಲ್ಲ ಕೈಯಲ್ಲೇ ಉಜ್ಜಬೇಕು. ಟಿವಿ, ಫ್ಯಾನ್, ಪುಸ್ತಕದ ಬೀರು ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿದ್ದರೂ ಸಾಸಿವೆ ಡಬ್ಬಿಯೊಳಗೂ ಬಿಳಿ ಪುಡಿ ಸಿಕ್ಕಿತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಧೂಳು ಕಡಿಮೆ, ಅಷ್ಟೇ. ಇಲ್ಲ ಅಂತ ಅಲ್ಲ.

ಕಂಪನಿಗೆ ಪೂರ್ತಿ ಅಂಕ ಕೊಡುವ ಜಾಗ ಇನ್ನೊಂದಿದೆ. ಕೆಳಗಿನ ಮಲಗುವ ಕೋಣೆಯ ಒಂದು ಗೋಡೆಯ ಆಚೆ ಬಚ್ಚಲು. ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಬಿಳಿ ಉಪ್ಪು ಬರುತ್ತಿತ್ತು. ಸೂಪರ್‌ವೈಸರ್ ಮೀಟರ್ ಒತ್ತಿ, "ಈ ಗೋಡೆ ನಾನು ಮಾಡಲ್ಲ ಸಾರ್, ಮೊದಲು ಪ್ಲಂಬರ್‌ನ ಕರೆಸಿ" ಅಂದರು. ತೇವ ತಡೆಯುತ್ತದೆ ಅನ್ನುವ ದುಬಾರಿ ಪ್ರೈಮರ್ ಒಂದನ್ನು ಮಾರಿ ಹೋಗಬಹುದಿತ್ತು, ಹೋಗಲಿಲ್ಲ. ಒಳಗಿನ ಪೈಪಿನ ಜಾಯಿಂಟ್ ಜಿನುಗುತ್ತಿತ್ತು. ಅದನ್ನು ಸರಿ ಮಾಡಿಸಿ, ಟೈಲ್ಸ್ ಸಂದಿ ತುಂಬಿಸಿ, ಹಾಳಾದ ಪ್ಲಾಸ್ಟರ್ ಒಡೆದು ಹೊಸದು ಹಾಕಿಸಿದೆವು. ಹೊಸ ಪ್ಲಾಸ್ಟರ್ ಮೇಲೆ ಬಣ್ಣ ಹಚ್ಚಲು ಕಡಿಮೆ ಅಂದರೂ 28 ದಿನ ಕಾಯಬೇಕು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಮನೆಯಲ್ಲಿ ನಾಮಕರಣ ಇತ್ತು, ಬೂದು ಗೋಡೆ ಹಾಗೇ ಇತ್ತು. ಬಂದವರು ಕೇಳಿದರು, ಅಮ್ಮ ಮುಖ ಊದಿಸಿಕೊಂಡರು. ಬೀರು ಸರಿಸಿ ಮುಚ್ಚಿಬಿಡೋಣ ಅಂದರು, ಆದರೆ ಗಾಳಿಯಾಡದೆ ಅದು ಒಣಗುವುದಾದರೂ ಹೇಗೆ? ಕೊನೆಗೆ ಬೇಸಿಗೆಯಲ್ಲಿ ಹಚ್ಚಿದರು. ಅಲ್ಲಿ ಉಪ್ಪು ಮತ್ತೆ ಬಂದಿಲ್ಲ.

ಬಾಗಿಲು ಕಿಟಕಿ ವಿಷಯದಲ್ಲಿ ಮಾತ್ರ ನಾವು ಜಗಳ ಮಾಡಬೇಕಾಯಿತು. ಹಳೇ ಆಯಿಲ್ ಪೇಂಟನ್ನು ಹುಡುಗರು ಒಣಗಿದ್ದಾಗಲೇ ಉಜ್ಜಲು ಶುರು ಮಾಡಿದರು. ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೆಯ ಆಯಿಲ್ ಪೇಂಟಿನಲ್ಲಿ ಎಷ್ಟಿರುತ್ತದೋ ದೇವರೇ ಬಲ್ಲ. ಸೀಸ ಮಕ್ಕಳ ಮಿದುಳಿಗೆ ಕೆಡುಕು ಮಾಡುತ್ತದೆ, ಮನೆಯಲ್ಲಿ ಹಸುಗೂಸು ಇತ್ತು. ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ) ತಂದು ಒದ್ದೆ ಮಾಡಿಯೇ ಉಜ್ಜಿ ಅಂತ ಪಟ್ಟು ಹಿಡಿದೆವು. ಹುಡುಗರಿಗೂ ಮಾಸ್ಕ್ ಇರಲಿಲ್ಲ, ನಾವೇ ತಂದುಕೊಟ್ಟೆವು. ಇಷ್ಟು ದೊಡ್ಡ ಕಂಪನಿ ಇದನ್ನು ಗ್ರಾಹಕರಿಗೆ ಬಿಡಬಾರದು.

ಇನ್ನು ಮಹಡಿ ಕೋಣೆ. ಅಷ್ಟರಲ್ಲಿ ಸೂಪರ್‌ವೈಸರ್ ಬದಲಾಗಿದ್ದರು, ನಮ್ಮ ಮೇಸ್ತ್ರಿಯನ್ನು ಬೇರೆ ಸೈಟಿಗೆ ಕಳಿಸಿದ್ದರು. ಹೊಸ ತಂಡಕ್ಕೆ ಅವಸರ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಪುಟ್ಟಿ ಮೊದಲ ಕೋಟ್ ಆಗಿತ್ತು. ಹಳೇ ನೀಲಿ ಡಿಸ್ಟೆಂಪರ್ ಎಲ್ಲಿ ಅಂದರೆ, "ಸಡಿಲ ಇದ್ದದ್ದೆಲ್ಲ ತೆಗೆದಿದ್ದೀವಿ ಸಾರ್, ಉಳಿದಿದ್ದು ಗಟ್ಟಿ ಇದೆ" ಅಂದರು. ಬಣ್ಣ ಆದ ಮೇಲೆ ಹಾಲ್‌ಗೂ ಅದಕ್ಕೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ.

2022ರ ಜುಲೈನಲ್ಲಿ ಕಿಟಕಿ ಮೇಲಿನ ಮೂಲೆಯಲ್ಲಿ ಅಂಗೈಯಗಲ ಗುಳ್ಳೆ ಎದ್ದಿತು. ಫೋಟೋ ಸಹಿತ ಇಮೇಲ್ ಕಳಿಸಿದೆವು. ಒಬ್ಬರು ಬಂದು ನೋಡಿ, "ಇದು ಥಂಡಿ, ವಾರಂಟಿಯಲ್ಲಿ ಬರಲ್ಲ" ಅಂದರು. ಥಂಡಿ ಅಂದರೆ ಗೋಡೆಯೊಳಗಿನ ತೇವ. ವಾರಂಟಿ ಪತ್ರದಲ್ಲಿ ಸೋರಿಕೆ, ತೇವ ಎರಡನ್ನೂ ಹೊರಗಿಟ್ಟಿರುತ್ತಾರೆ, ಓದಿ ನೋಡಿ. 2023ರಲ್ಲಿ ಮಳೆಯೇ ಕೈಕೊಟ್ಟಿತು, ರಾಜ್ಯಕ್ಕೇ ಬರ. ಗೋಡೆಯೂ ಸುಮ್ನಿತ್ತು. 2024ರ ಜುಲೈನಲ್ಲಿ ಮಳೆ ಹಿಡಿದಾಗ ಒಂದು ಗೋಡೆಯಿಂದ ಹಾಳೆ ಹಾಳೆಯಾಗಿ ಹಕ್ಕಳೆ ಎದ್ದು ಬಿತ್ತು.

ಬಿದ್ದ ಹಕ್ಕಳೆಯನ್ನು ತಿರುಗಿಸಿ ನೋಡಿದರೆ ಉತ್ತರ ಅಲ್ಲೇ ಇತ್ತು. ಮುಂದೆ ಹೊಸ ಬಣ್ಣ, ಮಧ್ಯೆ ಪುಟ್ಟಿ, ಹಿಂದೆ ಪೂರ್ತಿ ನೀಲಿ ಪುಡಿ. ಅಂದರೆ ಪುಟ್ಟಿ ಡಿಸ್ಟೆಂಪರನ್ನು ಚೆನ್ನಾಗಿಯೇ ಹಿಡಿದಿತ್ತು, ಡಿಸ್ಟೆಂಪರ್ ಗೋಡೆಯನ್ನು ಬಿಟ್ಟಿತ್ತು. ಹಿಟ್ಟು ಉದುರಿಸಿದ ಮಣೆಗೆ ಸ್ಟಿಕ್ಕರ್ ಅಂಟಿಸಿದ ಹಾಗೆ. ಹಳೇ ಡಿಸ್ಟೆಂಪರಿನ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಗಾಳಿಯ ತೇವವೇ ಅದಕ್ಕೆ ಸಾಕು, ಗೋಡೆ ಸೋರಬೇಕಿಲ್ಲ. ನಿಜವಾದ ಥಂಡಿ ಆಗಿದ್ದರೆ ಪ್ಲಾಸ್ಟರ್ ಪುಡಿಯಾಗುತ್ತಿತ್ತು, ಉಪ್ಪು ಬರುತ್ತಿತ್ತು, ಇಲ್ಲವೇ ಕಲೆ ಹರಡುತ್ತಿತ್ತು. ನಮ್ಮಲ್ಲಿ ಹಿಂದಿನ ಪ್ಲಾಸ್ಟರ್ ಗಟ್ಟಿಯಾಗಿತ್ತು. ಅನುಮಾನ ಇದ್ದರೆ ಒಂದಡಿ ಪಾಲಿಥಿನ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಗೋಡೆ ಕಡೆಗೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನಾವು ಅಂಟಿಸಿದ್ದು ಒಣಗೇ ಇತ್ತು.

ಹಕ್ಕಳೆ ತುಂಡುಗಳನ್ನು ಒಂದು ಕವರಿಗೆ ಹಾಕಿಕೊಂಡು ಡೀಲರ್ ಅಂಗಡಿಗೇ ಹೋದೆ. ಕೋಟೇಷನ್‌ನಲ್ಲಿ 'ಪೂರ್ತಿ ತೆಗೆಯುವುದು' ಅಂತ ಬರೆದ ಸಾಲು, ಅದಕ್ಕೆ ನಾವು ಕೊಟ್ಟ ದುಡ್ಡು, 2022ರ ಇಮೇಲ್ ಎಲ್ಲ ಮುಂದಿಟ್ಟೆ. ವಾರಂಟಿ ಮುಗಿದಿತ್ತು. ಆದರೂ ನೀಲಿ ಪುಡಿ ನೋಡಿದ ಮೇಲೆ ಡೀಲರ್ ವಾದ ಮಾಡಲಿಲ್ಲ. ಸಾಮಾನು ಪೂರ್ತಿ ಅವರದು, ಕೂಲಿಯಲ್ಲಿ ಅರ್ಧ ನಮ್ಮದು ಅಂತ ತೀರ್ಮಾನವಾಯಿತು. ನನ್ನ ಪ್ರಕಾರ ಕೂಲಿಯೂ ಅವರದೇ ಆಗಬೇಕಿತ್ತು. 2025ರ ಜನವರಿಯಲ್ಲಿ ಪ್ಲಾಸ್ಟರ್‌ವರೆಗೆ ಕೆರೆದು ಮತ್ತೆ ಮಾಡಿದರು. ಒಂದು ಮಳೆಗಾಲ ಸರಿಯಾಗಿ ದಾಟಿದೆ. ಮೇಲೆ ಕೊಟ್ಟ 1 ಅಂಕ ಮೊದಲ ಕೆಲಸಕ್ಕೆ. ಎರಡನೆಯದಕ್ಕೆ ಇನ್ನೂ ಅಂಕ ಕೊಟ್ಟಿಲ್ಲ.

ದಿನನಿತ್ಯದ ಬಳಕೆ ಬಗ್ಗೆ ಸ್ವಲ್ಪ. ನಾವು ಹಾಕಿಸಿದ್ದು ಮಧ್ಯಮ ದರ್ಜೆಯ ಎಮಲ್ಷನ್, ಹೊಳಪು ಕಡಿಮೆ ಇರುವುದು. ತುಂಬಾ ಹೊಳೆಯುವ ದುಬಾರಿ ಬಣ್ಣ ಗೋಡೆಯ ಸಣ್ಣ ಡೊಂಕನ್ನೂ ಟ್ಯೂಬ್‌ಲೈಟ್ ಬೆಳಕಿಗೆ ತೋರಿಸಿಕೊಡುತ್ತದೆ. ಹಳೇ ಮನೆಗೆ ಅದು ಬೇಡ. ಸ್ವಿಚ್ ಸುತ್ತಲಿನ ಕೈಗುರುತು ಒದ್ದೆ ಬಟ್ಟೆಗೆ ಹೋಗುತ್ತದೆ. ದಿವಾನ್ ಹಿಂದೆ ತಲೆ ಎಣ್ಣೆಯ ಕಲೆ ಹೋಯಿತು, ಆದರೆ ಜೋರಾಗಿ ಉಜ್ಜಿದ ಜಾಗ ಈಗ ಮಿರಮಿರ ಹೊಳೆಯುತ್ತದೆ. ಹೊಳಪಿಲ್ಲದ ಬಣ್ಣಗಳ ಹಣೆಬರಹವೇ ಅದು. ಅಡುಗೆಮನೆಯಲ್ಲಿ ಒಗ್ಗರಣೆ ಜಿಡ್ಡನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ ಆಮೇಲೆ ಪ್ರೈಮರ್ ಹೊಡೆದಿದ್ದರಿಂದ ಎಲ್ಲೂ ಹಳದಿ ಮೇಲೆದ್ದಿಲ್ಲ. ಮಿಕ್ಕ ಬಣ್ಣವನ್ನು ಶೇಡ್ ನಂಬರ್ ಬರೆದು ಇಟ್ಟಿದ್ದೇವೆ, ಮೊಳೆ ತೂತು ಮುಚ್ಚಲು ಬೇಕಾಗುತ್ತದೆ.

ಹಾಗಾದರೆ ಕಂಪನಿಯೇ ಬೇಕಾ? ಹೊಸ ಮನೆ, ಗಟ್ಟಿ ಗೋಡೆ ಆದರೆ ಪರಿಚಯದ ಒಳ್ಳೆ ಮೇಸ್ತ್ರಿ ಸಾಕು, ದುಡ್ಡು ಉಳಿಯುತ್ತದೆ. ಹಳೇ ಪದರ ಇರುವ ಮನೆಗೆ ನಾನು ಈಗಲೂ ಇವರನ್ನೇ ಕರೆಯುತ್ತೇನೆ, ಆದರೆ ನನ್ನ ಷರತ್ತಿನ ಮೇಲೆ. ದುಡ್ಡನ್ನು ಹಂತಹಂತವಾಗಿ ಕೊಡುವುದು. ಕೆರೆದು ಮುಗಿದ ಮೇಲೆ, ಪುಟ್ಟಿಗೆ ಮುಂಚೆ, ಪ್ರತಿ ಗೋಡೆಯ ಫೋಟೋ ಬರಬೇಕು, ನಾನು ಸರಿ ಅಂದ ಮೇಲೆಯೇ ಮುಂದಿನ ಕೆಲಸ. ತಂಡ ಬದಲಾದರೆ ಮೊದಲೇ ತಿಳಿಸಬೇಕು. ಮಹಡಿ ಕೋಣೆಯ ಎರಡನೇ ಸುತ್ತಿಗೆ ಇದನ್ನೆಲ್ಲ ಕೋಟೇಷನ್‌ನಲ್ಲೇ ಬರೆಸಿದೆ. ಡೀಲರ್ ಸ್ವಲ್ಪ ಗೊಣಗಿದರು, ಆಮೇಲೆ ಬರೆದುಕೊಟ್ಟರು. ನಮ್ಮ ಕಡೆಯವರಾದರೆ ಜನವರಿ-ಫೆಬ್ರವರಿಗೆ ನವೆಂಬರ್‌ನಲ್ಲೇ ಮಾತಾಡಿಡಿ. ಗೋಡೆ ಒಣಗಿರುವ ಆ ತಿಂಗಳುಗಳಲ್ಲಿ ಒಳ್ಳೆ ಮೇಸ್ತ್ರಿಗಳು ಕೈಗೆ ಸಿಗುವುದಿಲ್ಲ.