ಗ್ರೀನ್ ಲೇನ್ಸ್‌ನ ನಮ್ಮ ಮೂಲೆ ಟರ್ಕಿಶ್ ಹೋಟ್ಲು, ಏಳು ವರ್ಷ ತಿಂದಾದ್ಮೇಲೆ

2018ರಲ್ಲಿ ಲಂಡನ್‌ಗೆ ಬಂದಾಗ ನಾವು ಮನೆ ಹಿಡಿದಿದ್ದು ಉತ್ತರ ಭಾಗದ ಹ್ಯಾರಿಂಗೇಲಿ, ಬಾಡಿಗೆ ಕೈಗೆಟುಕೋ ಹಾಗಿತ್ತು ಅನ್ನೋ ಒಂದೇ ಕಾರಣಕ್ಕೆ. ಅಲ್ಲಿನ ಗ್ರೀನ್ ಲೇನ್ಸ್ ರಸ್ತೆ ಅಂದ್ರೆ ಏನು ಅಂತಾನೂ ಗೊತ್ತಿರ್ಲಿಲ್ಲ. ಮೊದಲನೇ ದಿನ ಸಂಜೆ 29ನೇ ನಂಬರ್ ಬಸ್ ಇಳಿದು ಸೂಟ್‌ಕೇಸ್ ಎಳ್ಕೊಂಡು ಬರ್ತಿದ್ರೆ ರಸ್ತೆ ಉದ್ದಕ್ಕೂ ಇದ್ದಿಲ ಹೊಗೆ ವಾಸನೆ, ತರಕಾರಿ ಅಂಗಡಿ ಮುಂದೆ ಪೆಟ್ಟಿಗೆಗಟ್ಲೆ ಬದನೆಕಾಯಿ, ಬಕ್ಲಾವಾ ಸಿಹಿತಿಂಡಿ ಅಂಗಡಿ, ಚಿನ್ನದ ಅಂಗಡಿ, ಗಾಜಿನ ಕಿಟಕಿ ಹಿಂದೆ ಕೂತು ತೆಳ್ಳಗೆ ರೊಟ್ಟಿ ಲಟ್ಟಿಸ್ತಿರೋ ಹೆಂಗಸರು. ಅವತ್ತು ರಾತ್ರಿ ಮನೇಲಿ ಗ್ಯಾಸ್ ಇನ್ನೂ ಆನ್ ಆಗಿರ್ಲಿಲ್ಲ, ಹೊಟ್ಟೆ ಚುರುಗುಟ್ತಿತ್ತು, ಮೂಲೇಲಿದ್ದ ಸಣ್ಣ ಟರ್ಕಿಶ್ ಹೋಟ್ಲಿಗೆ ನುಗ್ಗಿದ್ವಿ. ಏಳು ವರ್ಷ ಆಯ್ತು, ಲಾಕ್‌ಡೌನ್ ತಿಂಗಳುಗಳು, ಮಧ್ಯೆ ಬೇಜಾರಾಗಿ ಹೋಗದ ಎರಡು ತಿಂಗಳು ಬಿಟ್ರೆ ತಿಂಗಳಿಗೆ ಎರಡು ಸಲನಾದ್ರೂ ಹೋಗ್ತಾನೇ ಇದೀವಿ, ಹಾಗಾಗಿ ಒಂದು ಸಲ ಹೋಗಿ ಬಂದು ಸ್ಟಾರ್ ಹಾಕೋರಿಗಿಂತ ಸ್ವಲ್ಪ ಜಾಸ್ತಿ ಹೇಳಬಹುದು ಅನ್ಸತ್ತೆ.

ಇದು ಓಜಕ್‌ಬಾಶಿ ಥರದ ಜಾಗ. ಓಜಕ್ ಅಂದ್ರೆ ಒಲೆ, ಓಜಕ್‌ಬಾಶಿ ಅಂದ್ರೆ ಒಲೆ ಪಕ್ಕ. ಅಡುಗೆಮನೆ ಎಲ್ಲೋ ಹಿಂದೆ ಬಚ್ಚಿಟ್ಕೊಂಡಿರಲ್ಲ, ಬಾಗ್ಲು ದಾಟಿದ ತಕ್ಷಣ ಎದುರಿಗೇ ಉದ್ದದ ಇದ್ದಿಲ ಒಲೆ, ಮೇಲೆ ದೊಡ್ಡ ತಾಮ್ರದ ಚಿಮಣಿ, ಹಿಂದೆ ಉಸ್ತಾ. ನಮ್ಮ ಉಸ್ತಾದ್ ಅನ್ನೋದೂ ಅವರ ಉಸ್ತಾ ಅನ್ನೋದೂ ಒಂದೇ ಪದ. ಒಲೆಗೆ ಮುಖ ಮಾಡಿ ಕೂರೋಕೆ ನಾಕೈದು ಸ್ಟೂಲ್ ಇದೆ, ನನ್ನ ಪ್ರಕಾರ ಇಡೀ ಹೋಟ್ಲಲ್ಲಿ ಬೆಸ್ಟ್ ಸೀಟ್ ಅವೇ. ಅಲ್ಲಿ ಕೂತ್ರೆ ಆತ ಅದಾನಾ ಕೆಬಾಬ್ ಮಾಡೋದು ಪೂರ್ತಿ ಕಾಣತ್ತೆ. ಕೈ ಒದ್ದೆ ಮಾಡ್ಕೊಂಡು ಕುರಿಮಾಂಸದ ಉಂಡೆ ತಗೊಂಡು ಎರಡು ಬೆರಳಗಲದ ಚಪ್ಪಟೆ ಕಬ್ಬಿಣದ ಕಡ್ಡಿಗೆ ಮೆತ್ತಿ, ಹೆಬ್ಬೆರಳು ತೋರ್‌ಬೆರಳಲ್ಲಿ ಮೇಲಿಂದ ಕೆಳಗೆ ಒತ್ತುತ್ತಾ ಬರ್ತಾನೆ, ಆ ಒತ್ತಿನ ಗುರುತು ಬೆಂದ ಮೇಲೂ ಹಾಗೇ ಉಳಿದಿರತ್ತೆ. ಕೊಬ್ಬು ಕರಗಿ ಕೆಂಡದ ಮೇಲೆ ಬಿದ್ದು ಚೊಯ್ ಅಂದಾಗ ಒಂದು ತೆಳು ರೊಟ್ಟಿ ತಗೊಂಡು ಮಾಂಸದ ಮೇಲೆ ಒತ್ತಿ ಹಿಡೀತಾನೆ, ಆ ಜಿಡ್ಡು ಖಾರ ಎಲ್ಲ ರೊಟ್ಟಿ ಕುಡಿದುಬಿಡತ್ತೆ, ಆಮೇಲೆ ಅದೇ ರೊಟ್ಟೀನ ತಟ್ಟೆಗೆ ಹಾಸಿ ಮೇಲೆ ಕೆಬಾಬ್ ಇಡ್ತಾನೆ. ಮಾಂಸಕ್ಕಿಂತ ಆ ರೊಟ್ಟಿಗೇ ನಮ್ಮ ಮನೇಲಿ ಜಗಳ.

ಅದಾನಾ ಕೆಬಾಬ್‌ಗೆ ಟರ್ಕೀಲಿ 2005ರಿಂದ ಜಿಐ ಟ್ಯಾಗ್ ಇದೆ, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಇರೋ ಹಾಗೆ. ಅದಾನಾ ಊರಲ್ಲಿ ಮಾಂಸಾನ ಝರ್ಹ್ ಅನ್ನೋ ದೊಡ್ಡ ಬಾಗಿದ ಕತ್ತೀಲಿ ಕೈಯಿಂದಾನೇ ಕೊಚ್ತಾರೆ, ಮಷೀನ್‌ಗೆ ಹಾಕಲ್ಲ, ಜೊತೆಗೆ ಕುರಿ ಬಾಲದ ಕೊಬ್ಬು ಸೇರಿಸ್ತಾರೆ. ಇಲ್ಲೂ ಕೈಯಲ್ಲೇ ಕೊಚ್ಚೋದು, ಬಾಯಿಗಿಟ್ರೆ ಗೊತ್ತಾಗತ್ತೆ, ಹಿಟ್ಟಿನ ಥರ ನುಣ್ಣಗಿರಲ್ಲ, ಒಂದೊಂದು ಚೂರೂ ಸಿಗತ್ತೆ. ಮಸಾಲೆ ಅಂತ ಏನೂ ಇಲ್ಲ, ಉಪ್ಪು ಮತ್ತೆ ಕೆಂಪು ಮೆಣಸು ಅಷ್ಟೆ. ಟೇಬಲ್ ಮೇಲೆ ಇಟ್ಟಿರೋ ಪುಲ್ ಬಿಬೆರ್ ಅನ್ನೋ ಮೆಣಸಿನ ತರಿ ಇದ್ಯಲ್ಲ, ಅದು ಬಣ್ಣ ಜಾಸ್ತಿ ಖಾರ ಕಮ್ಮಿ, ಸ್ವಲ್ಪ ಎಣ್ಣೆ ಎಣ್ಣೆ, ಬ್ಯಾಡಗಿ ತಿಂದು ಬೆಳೆದೋರಿಗೆ ಮೊದಲ ಸಲಕ್ಕೇ ಒಗ್ಗತ್ತೆ. ಖಾರ ಬೇಡ ಅನ್ನೋರು ಉರ್ಫಾ ಕೆಬಾಬ್ ಕೇಳಿ. ಡೋನರ್, ಅಂದ್ರೆ ನಿಲ್ಲಿಸಿದ ಕಡ್ಡೀಲಿ ತಿರುಗಿಸ್ತಾ ಸುಟ್ಟು ಹೆರೆದು ಕೊಡೋ ಮಾಂಸ, ಅದನ್ನ ಮಾತ್ರ ಇಲ್ಲಿ ತಿನ್ನಬೇಡಿ, ಚೆನ್ನಾಗಿಲ್ಲ ಅಂತಲ್ಲ, ಅಂಥದ್ದು ಎಲ್ಲಾ ಕಡೆ ಸಿಗತ್ತೆ, ಈ ಒಲೆ ಎದುರು ಕೂತು ಡೋನರ್ ಆರ್ಡರ್ ಮಾಡೋದು ವೇಸ್ಟ್.

ಆರ್ಡರ್ ಮಾಡೋ ಮುಂಚೆನೇ ಬರೋ ಈರುಳ್ಳಿ ಬಗ್ಗೆ ಹೇಳ್ಲೇಬೇಕು. ದುಡ್ಡಿಲ್ಲ, ಬಿಸಿ ಬ್ರೆಡ್ ಜೊತೆ ಹಾಗೇ ತಂದಿಡ್ತಾರೆ. ಈರುಳ್ಳೀನ ಕೆಂಡದ ಮೇಲೆ ಅಂಚು ಕಪ್ಪಾಗೋ ತನಕ ಸುಟ್ಟು ದಾಳಿಂಬೆ ಹುಳಿ ಮತ್ತೆ ಶಲ್ಗಮ್ ಅನ್ನೋ ಉಪ್ಪು ಹುಳಿ ರಸದಲ್ಲಿ ನೆನೆಸಿರ್ತಾರೆ, ಹುಳಿ, ಸಿಹಿ, ಸುಟ್ಟ ವಾಸನೆ ಎಲ್ಲ ಒಟ್ಟಿಗೆ. ಮೊದಲನೇ ದಿನ ಅದಕ್ಕೆ ಎಷ್ಟು ಬಿಲ್ ಹಾಕ್ತಾರೋ ಅಂತ ಹೆದರ್ಕೊಂಡು ಮುಟ್ಟಿರ್ಲಿಲ್ಲ ನಾವು, ಪಕ್ಕದ ಟೇಬಲ್ ಅಜ್ಜ ಕೈಸನ್ನೆ ಮಾಡಿ ತಿನ್ನಿ ತಿನ್ನಿ ಅಂದ್ರು.

2022ರಲ್ಲಿ ತುಮಕೂರಿಂದ ಅಮ್ಮ ಬಂದಿದ್ರು, ಮೂರು ತಿಂಗಳು ಇದ್ರು. ಅಮ್ಮ ಶುದ್ಧ ಸಸ್ಯಾಹಾರಿ, ಮಾಂಸ ಸುಡೋ ಜಾಗಕ್ಕೆ ಬರಲ್ಲ ಅಂತ ಹಟ. ಒಂದಿನ ಮಳೆ ಬಂದು ಬೇರೆ ದಾರಿ ಇಲ್ದೆ ಒಳಗೆ ಹೋಗಿ ಒಲೆಯಿಂದ ದೂರದ ಟೇಬಲ್ ಹಿಡಿದ್ವಿ, ಪತ್ಲಿಜಾನ್ ಸಲಾಡ್ ತರಿಸಿದೆ. ಪತ್ಲಿಜಾನ್ ಅಂದ್ರೆ ಬದನೆಕಾಯಿ, ಇಡೀ ಕಾಯೀನ ಸುಟ್ಟು ಸಿಪ್ಪೆ ತೆಗೆದು ಹಿಸುಕಿ ಬೆಳ್ಳುಳ್ಳಿ, ನಿಂಬೆಹುಳಿ, ಆಲಿವ್ ಎಣ್ಣೆ ಹಾಕಿರ್ತಾರೆ. ಅಮ್ಮ ಬ್ರೆಡ್‌ನ ತುದೀಲಿ ಇಷ್ಟೇ ಇಷ್ಟು ಮುಟ್ಟಿಸ್ಕೊಂಡು ಬಾಯಿಗಿಟ್ಟು ಸುಮ್ನೆ ಕೂತ್ರು, ಆಮೇಲೆ "ಇದು ನಮ್ಮಮ್ಮ ಕೆಂಡದಲ್ಲಿ ಸುಟ್ಟು ಮಾಡ್ತಿದ್ದ ಗೊಜ್ಜು ಕಣೋ, ಗ್ಯಾಸಲ್ಲಿ ಸುಟ್ರೆ ಈ ವಾಸನೆ ಬರಲ್ಲ" ಅಂದ್ರು. ಇಡೀ ಬಟ್ಲು ಅವರೇ ಮುಗಿಸಿದ್ರು. ಹೋಗೋ ತನಕ ಇನ್ನೂ ನಾಕು ಸಲ ಅಲ್ಲಿಗೇ ಕರ್ಕೊಂಡು ಹೋಗು ಅಂತ ಅವರೇ ಕೇಳಿದ್ರು, ಊರಿಗೆ ಹೋಗೋವಾಗ ದಾಳಿಂಬೆ ಹುಳಿ ಎರಡು ಬಾಟ್ಲಿ ಬ್ಯಾಗಲ್ಲಿ ಹೋಯ್ತು.

ಸಸ್ಯಾಹಾರಿಗಳಿಗೆ ಒಂದ್ಮಾತು. ಗ್ರಿಲ್ ಒಂದೇ, ಹೆಲ್ಲಿಮ್ ಚೀಸೂ ಮೆಣಸಿನಕಾಯೀನೂ ಮಾಂಸದ ಪಕ್ಕಾನೇ ಸುಡೋದು, ಬದನೆಕಾಯೀನ ಮಾತ್ರ ಬೆಳಿಗ್ಗೆನೇ ಬೇರೆಯಾಗಿ ಸುಟ್ಟಿಟ್ಕೊತಾರೆ ಅಂತ ಕೇಳಿ ತಿಳ್ಕೊಂಡಿದ್ದೆ. ಮೆರ್ಜಿಮೆಕ್ ಸೂಪ್, ಅಂದ್ರೆ ಕೆಂಪು ಬೇಳೆ ಸೂಪ್, ನಿಂಬೆಹಣ್ಣು ಹಿಂಡ್ಕೊಂಡು ಕುಡೀರಿ, ಒಗ್ಗರಣೆ ಇಲ್ದಿರೋ ತೊವ್ವೆ ಥರ, ಆದ್ರೆ ಕೆಲವು ಕಡೆ ಮೂಳೆ ಸ್ಟಾಕ್ ಹಾಕ್ತಾರೆ, ಪ್ರತಿ ಸಲ ಕೇಳಿ. ಇಮಾಮ್ ಬಾಯಿಲ್ಡಿ ಅಂತ ಇನ್ನೊಂದು ಬದನೆಕಾಯಿ ಇದೆ, ಈರುಳ್ಳಿ ಟೊಮೇಟೊ ತುಂಬಿ ಆಲಿವ್ ಎಣ್ಣೇಲಿ ಬೇಯಿಸಿದ್ದು, ಹೆಸರಿನ ಅರ್ಥ ಇಮಾಮ್ ಮೂರ್ಛೆ ಹೋದ ಅಂತ. ತಣ್ಣಗೇ ಬಡಿಸ್ತಾರೆ, ಎಣ್ಣೆಗಾಯಿ ಅಂದ್ಕೊಂಡು ಬಿಸಿ ನಿರೀಕ್ಷೆ ಮಾಡ್ಬೇಡಿ. ಬುಲ್ಗುರ್ ಪಿಲಾವ್ ಗೋಧಿ ನುಚ್ಚಿನದು, ಹೊಟ್ಟೆ ತುಂಬತ್ತೆ.

ಕುಡಿಯೋದ್ರಲ್ಲಿ ನನಗೆ ಒಂದು ದೊಡ್ಡ ಬೇಜಾರು ಇದೆ, ಅದು ಆಯ್ರಾನ್. ಆಯ್ರಾನ್ ಅಂದ್ರೆ ಮಜ್ಜಿಗೆನೇ, ಮೊಸರು ನೀರು ಉಪ್ಪು, ನಮ್ಮ ಹಾಗೆ ಶುಂಠಿ ಇಂಗು ಕರಿಬೇವು ಯಾವುದೂ ಇಲ್ಲ. ಮೊದ್ಲು ಇಲ್ಲಿ ಅವರೇ ಕಡೆದು ತಾಮ್ರದ ಲೋಟದಲ್ಲಿ ಮೇಲೆ ಒಂದು ಗೇಣು ನೊರೆ ಬರೋ ಹಾಗೆ ಕೊಡ್ತಿದ್ರು, ಅದಾನಾ ಖಾರಕ್ಕೂ ಅದಕ್ಕೂ ಎಂಥಾ ಜೋಡಿ ಅಂತೀರಾ. ಲಾಕ್‌ಡೌನ್ ಮುಗಿದ ಮೇಲೆ ಪ್ಲಾಸ್ಟಿಕ್ ಕಪ್‌ದು ಶುರು ಮಾಡಿದ್ರು, ಫಾಯಿಲ್ ಕಿತ್ತು ಕುಡಿಯೋದು. ಎಷ್ಟು ಸಲ ಕೇಳಿದೀನಿ ವಾಪಸ್ ತರ್ರೀ ಅಂತ, ಜನ ಇಲ್ಲ, ಟೈಮ್ ಇಲ್ಲ ಅಂತಾರೆ. ಶಲ್ಗಮ್ ಅಂತ ನೇರಳೆ ಕ್ಯಾರೆಟ್ ಹುದುಗಿಸಿದ ಉಪ್ಪು ಹುಳಿ ರಸ ಸಿಗತ್ತೆ, ನನಗೆ ಅಭ್ಯಾಸ ಆಗೋಕೆ ಎರಡು ವರ್ಷ ಬೇಕಾಯ್ತು, ಈಗ ಅದಿಲ್ದೆ ಆಗಲ್ಲ. ಮದ್ಯ ಕುಡಿಯೋರಿಗೆ ರಾಕಿ ಅನ್ನೋ ಟರ್ಕಿಶ್ ಮದ್ಯ ಇದೆ, ನೀರು ಹಾಕಿದ ಕೂಡ್ಲೆ ಹಾಲಿನ ಥರ ಬೆಳ್ಳಗಾಗತ್ತೆ, ಸೋಂಪಿನ ವಾಸನೆ. ಊಟ ಆದ್ಮೇಲೆ ಸೊಂಟ ಸಣ್ಣ ಇರೋ ಗಾಜಿನ ಲೋಟದಲ್ಲಿ ಚಾಯ್ ಬರತ್ತೆ, ಹಾಲಿಲ್ಲ, ಅದಕ್ಕೂ ದುಡ್ಡಿಲ್ಲ, ಲೋಟದ ಅಂಚು ಹಿಡ್ಕೊಂಡು ಕುಡೀಬೇಕು, ಕೆಳಗೆ ಹಿಡಿದ್ರೆ ಬೆರಳು ಸುಡತ್ತೆ.

ಕುನೆಫೆ, ಅಂದ್ರೆ ಶಾವಿಗೆ ಥರದ ಎಳೆಗಳ ಮಧ್ಯೆ ಉಪ್ಪಿಲ್ಲದ ಚೀಸ್ ಇಟ್ಟು ಬೇಯಿಸಿ ಪಾಕ ಹುಯ್ದಿರೋದು, ವಾರದ ದಿನ ಚೆನ್ನಾಗಿರತ್ತೆ, ಶನಿವಾರದ ರಶ್‌ನಲ್ಲಿ ಮಾತ್ರ ಚೀಸ್ ಅರ್ಧಂಬರ್ಧ ಕರಗಿರತ್ತೆ. ಬಕ್ಲಾವಾ ಬೇಕಂದ್ರೆ ಇಲ್ಲಿ ಬೇಡ, ಅದೇ ರಸ್ತೇಲಿರೋ ಬಕ್ಲಾವಾ ಅಂಗಡಿಗೆ ಹೋಗಿ.

ಶುಕ್ರವಾರ ಶನಿವಾರ ರಾತ್ರಿ ಒಳಗೆ ಮಾತು ಕೇಳಿಸಲ್ಲ, ಬಟ್ಟೆ ಎಲ್ಲ ಹೊಗೆ ವಾಸನೆ, ಅಸ್ತಮಾ ಇರೋರು ಹಿಂದಿನ ರೂಮ್ ಕೇಳಿ. ಬುಕಿಂಗ್ ಅನ್ನೋದು ಇಲ್ಲಿ ನಂಬೋಕಾಗಲ್ಲ. ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಎಂಟು ಜನಕ್ಕೆ ವಾರದ ಮುಂಚೆ ಫೋನ್ ಮಾಡಿ ಹೇಳಿದ್ದೆ, ಹೋದ್ರೆ ಲಿಸ್ಟಲ್ಲಿ ಹೆಸರೇ ಇಲ್ಲ, ಜನವರಿ ಚಳೀಲಿ ಮಕ್ಕಳನ್ನ ಹಿಡ್ಕೊಂಡು 50 ನಿಮಿಷ ಹೊರಗೆ ನಿಂತ್ವಿ, ಕೌಂಟರಲ್ಲಿದ್ದೋನು ಒಂದು ಮಾತು ಕ್ಷಮೆ ಕೂಡ ಕೇಳ್ಲಿಲ್ಲ. ಇಷ್ಟು ವರ್ಷದ ಗಿರಾಕಿಗೆ ಹೀಗಾ ಅಂತ ಬೇಜಾರಾಗಿ ಎರಡು ತಿಂಗಳು ಆ ಕಡೆ ತಲೆ ಹಾಕ್ಲಿಲ್ಲ. ರೇಟೂ ಏರಿದೆ, ನಾವು ಬಂದಾಗ 11 ಪೌಂಡ್ ಇದ್ದ ಅದಾನಾ ಈಗ 18, ಮೇಲೆ 12.5 ಪರ್ಸೆಂಟ್ ಸರ್ವಿಸ್ ಚಾರ್ಜ್ ಹೊಸದಾಗಿ ಸೇರ್ಕೊಂಡಿದೆ. ಬಿಲ್ ಬೇಕಂದ್ರೆ ಹೆಸಾಪ್ ಅನ್ನಿ ಸಾಕು, ನಮ್ಮ ಹಿಸಾಬೇ ಅದು.

ಮತ್ಯಾಕೆ ವಾಪಸ್ ಹೋದೆ ಅಂದ್ರೆ, ಇಲ್ಲಿಯ ಜನಾನೂ ಒಂದು ಕಾರಣ. ಈ ರಸ್ತೇಲಿ ಇರೋರು ಬರೀ ಟರ್ಕರಲ್ಲ, ಕುರ್ದ್‌ಗಳು, ಸೈಪ್ರಸ್‌ನಿಂದ ಬಂದೋರು ಎಲ್ಲ ಇದಾರೆ, ಎಷ್ಟೋ ಕುಟುಂಬಗಳ ಊರು ಟರ್ಕಿಯ ಮರಾಶ್ ಕಡೆ. 2023ರ ಫೆಬ್ರವರಿ 6ರಂದು 7.8 ತೀವ್ರತೆ ಭೂಕಂಪ ಆಗಿದ್ದು ಅಲ್ಲೇ, ಟರ್ಕಿಯೊಂದ್ರಲ್ಲೇ 50 ಸಾವಿರಕ್ಕೂ ಜಾಸ್ತಿ ಜನ ಹೋದ್ರು. ಎರಡು ದಿನ ಬಿಟ್ಟು ನಾವು ಹೋದಾಗ ಹಿಂದಿನ ರೂಮಲ್ಲಿ ಟೇಬಲ್ ಇರ್ಲಿಲ್ಲ, ಕಂಬಳಿ, ಜಾಕೆಟ್, ಡಯಾಪರ್ ಪೆಟ್ಟಿಗೆಗಳು ಸೂರಿನ ತನಕ. ಉಸ್ತಾ ಒಲೆ ಹಿಂದೆ ಎಂದಿನ ಹಾಗೇ ನಿಂತು ಕಡ್ಡಿ ತಿರುಗಿಸ್ತಿದ್ದ, ಫೋನ್ ಮಾತ್ರ ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಕೊಂಡಿದ್ದ, ಸ್ಕ್ರೀನ್ ಆಫ್ ಆದಾಗೆಲ್ಲ ಮೊಣಕೈಯಲ್ಲಿ ತಟ್ಟಿ ನೋಡೋನು. ಏನು ಹೇಳ್ಬೇಕು ತಿಳೀದೆ ಮನೇಲಿದ್ದ ಎರಡು ರಜಾಯಿ ತಂದು ಕೊಟ್ವಿ. ಅದಾಗಿ ಒಂದು ತಿಂಗಳಾದ್ಮೇಲೆ ಅವನೇ ಹೇಳಿದ, ಅಕ್ಕನ ಮನೆಯೋರು ಉಳ್ಕೊಂಡ್ರು, ಚಿಕ್ಕಪ್ಪ ಹೋದ್ರು ಅಂತ. ಅವತ್ತಿಂದ ನಾನು ಎದ್ದು ಬರೋವಾಗ ಒಲೆ ಹತ್ರ ಹೋಗಿ "ಎಲಿನೆ ಸಾಲಿಕ್" ಅಂತ ಹೇಳೇ ಬರೋದು, ನಿನ್ನ ಕೈ ಚೆನ್ನಾಗಿರ್ಲಿ ಅಂತ ಅರ್ಥ, ಅಡುಗೆ ಮಾಡಿದೋರಿಗೆ ಅವರ ಕಡೆ ಹೇಳೋ ಮಾತು.

ಹೋಗೋರು ಮಂಗಳವಾರ ಬುಧವಾರ ಸಂಜೆ ಆರೂವರೆ ಒಳಗೆ ಹೋಗಿ, ಸ್ಟೂಲ್ ಸಿಗತ್ತೆ. ಇಬ್ಬರಿಗೆ ಒಂದು ಅದಾನಾ, ಒಂದು ಪತ್ಲಿಜಾನ್, ಒಂದು ಸೂಪ್ ಸಾಕು, ಬ್ರೆಡ್ಡೂ ಈರುಳ್ಳೀನೂ ಕೇಳಿದಷ್ಟು ಕೊಡ್ತಾರೆ. ಆಯ್ರಾನ್ ಮನೇಲಿ ಕಡೆದಿದ್ದು ಇದ್ಯಾ ಅಂತ ದಯವಿಟ್ಟು ನೀವೂ ಒಂದು ಸಲ ಕೇಳಿ, ಹತ್ತು ಜನ ಕೇಳಿದ್ರೆ ಮತ್ತೆ ಶುರು ಮಾಡಬಹುದು.