ಮೋಟಾರಿನ ದಿಕ್ಕು ಬದಲಿಸುವಾಗ 26 ಮಿಲಿಸೆಕೆಂಡು ಮಾಡಿದ ಅನಾಹುತ

ಮೋಟಾರಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಅದು ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಆ ಅದಲುಬದಲನ್ನು ಕೈಯ ಬದಲು ಆರ್ಡುಯಿನೋ ಎಂಬ, ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಬೋರ್ಡು ಮಾಡುತ್ತದೆ, ಅಷ್ಟೇ ತಾನೆ ಎಂದುಕೊಂಡು ನಾಲ್ಕು ಮಾಸ್‌ಫೆಟ್‌ಗಳ ಎಚ್-ಬ್ರಿಡ್ಜನ್ನು ಮನೆಯಲ್ಲೇ ಕಟ್ಟಲು ಹೊರಟವರು ದಯವಿಟ್ಟು ಇದನ್ನು ಓದಿ ಮುಂದುವರಿಯಬೇಕು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮಾಸ್‌ಫೆಟ್ ಎಂದರೆ ವೋಲ್ಟೇಜು ಕೊಟ್ಟು ಆನ್-ಆಫ್ ಮಾಡುವ, ಸ್ವಿಚ್ಚಿನಂಥ ಟ್ರಾನ್ಸಿಸ್ಟರು. ಎಚ್-ಬ್ರಿಡ್ಜಿನಲ್ಲಿ ಮೋಟಾರಿನ ಎರಡೂ ಬದಿಗೆ ಪ್ಲಸ್ಸಿನ ಕಡೆ ಮೇಲೊಂದು, ಗ್ರೌಂಡಿನ ಕಡೆ ಕೆಳಗೊಂದು ಇರುತ್ತದೆ; ಒಂದು ಬದಿಯ ಮೇಲಿನದೂ ಇನ್ನೊಂದು ಬದಿಯ ಕೆಳಗಿನದೂ ಜೋಡಿಯಾಗಿ ಆನ್ ಆದರೆ ಮೋಟಾರು ಒಂದು ದಿಕ್ಕಿಗೆ, ಉಳಿದ ಜೋಡಿ ಆನ್ ಆದರೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದುದನ್ನು ಟಿವಿಯಲ್ಲಿ ಕಂಡಿದ್ದ ಅಕ್ಕನ ಮಗಳು, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗೇಟು ಏರಿಳಿಯುವ ಅಣೆಕಟ್ಟೆಯ ಮಾದರಿಯೇ ಬೇಕೆಂದು ಹಟ ಹಿಡಿದಳು. 12 ವೋಲ್ಟಿನ ಗೇರ್ ಮೋಟಾರು, ಒಂದು ಟಾಗಲ್ ಸ್ವಿಚ್ಚು, ಆರ್ಡುಯಿನೋ ಊನೋ, ಮೇಲಿನ ಎರಡು ಜಾಗಕ್ಕೆ ಐಆರ್‌ಎಫ್9540, ಕೆಳಗಿನ ಎರಡಕ್ಕೆ ಐಆರ್‌ಎಲ್‌ಝಡ್44 ಮಾಸ್‌ಫೆಟ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ಜೀರೋ ಪಿಸಿಬಿಯ, ಎಂದರೆ ಸಾಲುತೂತುಗಳ ಖಾಲಿ ಬೋರ್ಡಿನ ಮೇಲೆ ಬೆಸುಗೆ ಹಾಕಿದೆ. ಮೋಟಾರು ಓಡಿಸುವ ಸಿದ್ಧ ಡ್ರೈವರ್ ಬೋರ್ಡು ಅಲ್ಲೇ ಪಕ್ಕದಲ್ಲಿತ್ತು. ನಾವೇ ಕಟ್ಟಿದರೆ ಹುಡುಗಿ ನಾಲ್ಕಕ್ಷರ ಕಲಿಯುತ್ತಾಳೆ ಎಂಬ ನನ್ನ ಜಂಬ ಅದನ್ನು ಕೊಳ್ಳಲು ಬಿಡಲಿಲ್ಲ.

ಮೊದಲ ದಿನ 9 ವೋಲ್ಟಿನ ಚಿಕ್ಕ ಬ್ಯಾಟರಿಯಲ್ಲಿ ಓಡಿಸಿದಾಗ ಎಲ್ಲವೂ ಸರಿಯಾಗಿತ್ತು. ಸ್ವಿಚ್ಚನ್ನು ಅತ್ತ ಒತ್ತಿದರೆ ಗೇಟು ಏರುತ್ತಿತ್ತು, ಇತ್ತ ಒತ್ತಿದರೆ ಇಳಿಯುತ್ತಿತ್ತು. ಮರುದಿನ ಮೂರು 18650 ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಜೋಡಿಸಿದ, ಪೂರ್ತಿ ಚಾರ್ಜಾದಾಗ 12.6 ವೋಲ್ಟ್ ಕೊಡುವ ಪ್ಯಾಕನ್ನು ಫ್ಯೂಸು ಕೂಡ ಇಲ್ಲದೆ ಸಿಕ್ಕಿಸಿದೆ. ಅವಳು ಖುಷಿಯಿಂದ ಸ್ವಿಚ್ಚನ್ನು ಹಿಂದೆ ಮುಂದೆ ಆಡಿಸಿದಳು. ನಾಲ್ಕನೆಯದೋ ಐದನೆಯದೋ ಬಾರಿಗೆ ಚಟ್ಟೆಂದು ಸದ್ದಾಗಿ ಒಂದು ಮಾಸ್‌ಫೆಟ್ಟಿನ ಕಪ್ಪು ಮೈಯಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿತ್ತು. ಕೆಂಪು ವೈರಿನ ಪ್ಲಾಸ್ಟಿಕ್ಕು ಮೇಣದಂತೆ ಕರಗಿ ಮೇಜಿಗೆ ಅಂಟಿಕೊಂಡಿತು. ಕಟಿಂಗ್ ಪ್ಲೇಯರಿನಿಂದ ವೈರು ಕತ್ತರಿಸುವಷ್ಟರಲ್ಲಿ ಸೆಲ್‌ಗಳು ಮುಟ್ಟಲಾಗದಷ್ಟು ಬಿಸಿಯಾಗಿದ್ದವು. ಊನೋಗೆ ಮತ್ತೆ ಪ್ರೋಗ್ರಾಂ ಹತ್ತಲೇ ಇಲ್ಲ. ಮಗುವಿನ ಕೈಗೆ ಏನೂ ಆಗಲಿಲ್ಲವೆನ್ನುವುದಷ್ಟೇ ನನ್ನ ಪುಣ್ಯ.

ತಪ್ಪು ವೈರಿಂಗಿನಲ್ಲಿರದೆ ನನ್ನ ಪ್ರೋಗ್ರಾಮಿನ ಮೂರು ಸಾಲುಗಳ ಅನುಕ್ರಮದಲ್ಲಿತ್ತು. ಹೊಸ ದಿಕ್ಕಿನ ಜೋಡಿಯನ್ನು ಮೊದಲು ಆನ್ ಮಾಡಿ, ಬಳಿಕ ಕಂಪ್ಯೂಟರಿನ ಪರದೆಗೆ ಒಂದು ಸಂದೇಶ ಕಳುಹಿಸಿ, ಆಮೇಲೆ ಹಳೆಯ ಜೋಡಿಯನ್ನು ಆಫ್ ಮಾಡುವಂತೆ ಬರೆದಿದ್ದೆ. ಆ ಸಂದೇಶ ಹೋಗುವ ಸೀರಿಯಲ್ ವೇಗ ಸೆಕೆಂಡಿಗೆ 9600 ಬಿಟ್ ಇದ್ದಾಗ ಒಂದು ಅಕ್ಷರ ಹೋಗಲು ಸುಮಾರು 1 ಮಿಲಿಸೆಕೆಂಡು ಬೇಕು. ಲೂಪಿನ ಪ್ರತಿ ಸುತ್ತಿನಲ್ಲೂ ಸಂದೇಶ ಹೋಗುತ್ತಿದ್ದುದರಿಂದ ಅಕ್ಷರಗಳು ಸರದಿ ಕಾಯುವ ಊನೋದ 64 ಬೈಟಿನ ಬಫರು ಯಾವಾಗಲೂ ತುಂಬಿಯೇ ಇರುತ್ತಿತ್ತು. ಹೀಗಾಗಿ 25 ಅಕ್ಷರಗಳ ಆ ಸಂದೇಶ ಮುಗಿಯುವವರೆಗೆ, ಎಂದರೆ ಸುಮಾರು 26 ಮಿಲಿಸೆಕೆಂಡು, ನಾಲ್ಕೂ ಮಾಸ್‌ಫೆಟ್‌ಗಳು ಒಟ್ಟಿಗೆ ಆನ್ ಆಗಿದ್ದು, ಕರೆಂಟು ಮೋಟಾರಿನ ಗೊಡವೆಗೆ ಹೋಗದೆ ಪ್ಲಸ್‌ನಿಂದ ನೇರವಾಗಿ ಗ್ರೌಂಡಿಗೆ ಹರಿಯುತ್ತಿತ್ತು. 9 ವೋಲ್ಟಿನ ಬ್ಯಾಟರಿಯ ಒಳರೋಧ ಹೆಚ್ಚಿರುವುದರಿಂದ ಅದು ಆ ಹೊಡೆತವನ್ನು ತಾನೇ ನುಂಗಿ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು. ಲಿಥಿಯಂ ಸೆಲ್ಲಿಗೆ ಅಂಥ ದಾಕ್ಷಿಣ್ಯವಿಲ್ಲ. ಶಾರ್ಟ್ ಆದಾಗ ಹತ್ತಾರು ಆಂಪಿಯರುಗಳನ್ನು ಸುರಿದುಬಿಡುತ್ತದೆ.

ಈ ಕಾರಣಕ್ಕೆ ಎಲ್298ಎನ್‌ನಂಥ ಸಿದ್ಧ ಎಚ್-ಬ್ರಿಡ್ಜ್ ಚಿಪ್ಪನ್ನೇ ಬಳಸಿ ಎನ್ನುತ್ತೇನೆ. ಅದರಲ್ಲಿ ಒಂದು ಬದಿಯ ಮೇಲಿನ ಮತ್ತು ಕೆಳಗಿನ ಟ್ರಾನ್ಸಿಸ್ಟರುಗಳೆರಡನ್ನೂ ಒಂದೇ ಇನ್‌ಪುಟ್ಟು ಆಳುವುದರಿಂದ ಪ್ರೋಗ್ರಾಂ ಎಷ್ಟೇ ಹದಗೆಟ್ಟರೂ ಎರಡನ್ನೂ ಒಟ್ಟಿಗೆ ಆನ್ ಮಾಡಲು ಸಾಧ್ಯವಿಲ್ಲ. 1 ಆಂಪಿಯರಿಗೆ ಸುಮಾರು 2ರಿಂದ 3 ವೋಲ್ಟನ್ನು ಅದು ತಾನೇ ತಿಂದುಹಾಕುತ್ತದೆ, ನಿಜ. ಮಾದರಿಯ ಗೇಟಿಗೆ ಅದರಿಂದ ನಷ್ಟವಿಲ್ಲ. ಪುಟ್ಟ ಮೋಟಾರಾದರೆ 600 ಮಿಲಿಆಂಪಿಯರಿನ ಎಲ್293ಡಿ ಸಾಕು. ಮೋಟಾರನ್ನು ಊನೋದ ಪಿನ್ನಿಗೇ ಕೊಡುವ ಯೋಚನೆಯನ್ನಂತೂ ಬಿಡಿ. ಆ ಪಿನ್ನಿನ ಗರಿಷ್ಠ ಮಿತಿ 40 ಮಿಲಿಆಂಪಿಯರ್ ಮಾತ್ರ.

ಚಿಪ್ಪು ಬಳಸಿದರೂ, ಓಡುತ್ತಿರುವ ಮೋಟಾರನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಬಾರದು. ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜು ಆ ಕ್ಷಣದಲ್ಲಿ ಬ್ಯಾಟರಿಯ ಜೊತೆ ಸೇರಿಕೊಂಡು, ಕರೆಂಟು ಮೋಟಾರು ಸಿಕ್ಕಿಹಾಕಿಕೊಂಡಾಗಿನದಕ್ಕಿಂತಲೂ ಹೆಚ್ಚಾಗುತ್ತದೆ, ಹೆಚ್ಚುಕಡಿಮೆ ಎರಡು ಪಟ್ಟಿನವರೆಗೂ ಏರಬಹುದು. ನಾನೀಗ ಮೊದಲು ಎರಡೂ ಇನ್‌ಪುಟ್ಟುಗಳನ್ನು ಆಫ್ ಮಾಡಿ, 300 ಮಿಲಿಸೆಕೆಂಡು ಕಾದು, ನಂತರವೇ ಹೊಸ ದಿಕ್ಕನ್ನು ಕೊಡುತ್ತೇನೆ. ಗೇಟು ಯಾಕೆ ಒಂದು ಗಳಿಗೆ ಯೋಚಿಸಿ ಇಳಿಯುತ್ತದೆ ಮಾವ ಎಂದು ಅವಳು ಕೇಳಿದ್ದಳು.

ಹೊಸ ಸರ್ಕ್ಯೂಟನ್ನು ಮೊದಲ ಬಾರಿ ಓಡಿಸುವಾಗ ಬ್ಯಾಟರಿಯ ಪ್ಲಸ್ ವೈರಿನ ನಡುವೆ ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಸೇರಿಸುತ್ತೇನೆ. ಎಲ್ಲ ಸರಿಯಿದ್ದರೆ ಅದು ಮಿಣುಕಿ ಸುಮ್ಮನಾಗುತ್ತದೆ; ಎಲ್ಲಾದರೂ ಶಾರ್ಟ್ ಇದ್ದರೆ ಝಗ್ಗನೆ ಬೆಳಗಿ, ಎರಡು ಆಂಪಿಯರಿನೊಳಗೇ ಕರೆಂಟನ್ನು ತಡೆದು ನಿಲ್ಲಿಸುತ್ತದೆ. ಬಲ್ಬನ್ನು ತೆಗೆದ ಮೇಲೆ ಅದೇ ಜಾಗದಲ್ಲಿ 3 ಆಂಪಿಯರಿನ ಫ್ಯೂಸು ಕೂರುತ್ತದೆ.