ಒಂಬತ್ತು ವರ್ಷ ಬಳಸಿದ ಮೇಲೆ: ಡಯಲ್ ಮಾದರಿಯ 40 ಟನ್ ಯುಟಿಎಂ

ಎಸ್‌ಒಎಂ (ಸ್ಟ್ರೆಂತ್ ಆಫ್ ಮೆಟೀರಿಯಲ್ಸ್) ಲ್ಯಾಬ್‌ನಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿರುವ, ಕಂಪ್ಯೂಟರ್ ಇಲ್ಲದ ಹೈಡ್ರಾಲಿಕ್ ಯುಟಿಎಂ (ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್, ಸರಳನ್ನು ಎಳೆದು ತುಂಡು ಮಾಡಿ ಅದರ ಬಲ ಪರೀಕ್ಷಿಸುವ ಯಂತ್ರ) ಇದು. ಕ್ಯಾಟಲಾಗ್‌ನಲ್ಲಿ ಇರುವುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ದೊಡ್ಡ ದೂರು ಒಂದೇ: ಸರಳು ಎಷ್ಟು ಹಿಗ್ಗಿತು ಎಂದು ಅಳೆಯಲು ಮೆಷಿನ್ ಜೊತೆ ಕೊಡುವ ಸ್ಕೇಲ್.

ಅದರ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಚಿಕ್ಕ ಅಳತೆ) 1 ಮಿ.ಮೀ. ಈಗ ಲೆಕ್ಕ ನೋಡಿ. 12 ಮಿ.ಮೀ. ಮೈಲ್ಡ್ ಸ್ಟೀಲ್ ಸರಳು, ಗೇಜ್ ಲೆಂಗ್ತ್ (ಹಿಗ್ಗುವಿಕೆ ಅಳೆಯಲು ಗುರುತು ಮಾಡಿದ ಉದ್ದ) 60 ಮಿ.ಮೀ., ವಿಸ್ತೀರ್ಣ 113 ಚ.ಮಿ.ಮೀ. ಯೀಲ್ಡ್ (ಸರಳು ಮತ್ತೆ ಮೊದಲಿನಂತಾಗದೆ ಹಿಗ್ಗತೊಡಗುವ ಹಂತ) 250 ಎಂಪಿಎ, ಅಂದರೆ ಪ್ರತಿ ಚ.ಮಿ.ಮೀ.ಗೆ 250 ನ್ಯೂಟನ್, ಎಂದುಕೊಂಡರೆ ಲೋಡ್ ಸುಮಾರು 28 ಕಿಲೋನ್ಯೂಟನ್. ಅಲ್ಲಿಯತನಕ ಗೇಜ್ ಲೆಂಗ್ತ್ ಹಿಗ್ಗುವುದು ಬರೀ 0.075 ಮಿ.ಮೀ., ಜೆರಾಕ್ಸ್ ಹಾಳೆಯಷ್ಟು ದಪ್ಪವೂ ಇಲ್ಲ. ಸ್ಕೇಲ್ ಮಾತ್ರ ಅಷ್ಟರೊಳಗೆ ಒಂದೂವರೆ ಮಿ.ಮೀ. ಓಡಿರುತ್ತದೆ. ಸರಳನ್ನು ಹಿಡಿಯುವ ಜಾ ಬೆಣೆಗಳು ಕೂರುವುದು, ಸರಳು ಹಲ್ಲಿನಲ್ಲಿ ಜಾರುವುದು, ಸ್ಕ್ರೂಗಳ ಸಡಿಲ, ಎಲ್ಲವೂ ಅದರಲ್ಲಿ ಸೇರಿಹೋಗಿರುತ್ತವೆ. ಆ ರೀಡಿಂಗ್ ನಂಬಿದರೆ ಎರಡು ಲಕ್ಷ ಎಂಪಿಎ ಬರಬೇಕಾದ ಯಂಗ್ಸ್ ಮಾಡ್ಯುಲಸ್ (ಉಕ್ಕು ಹಿಗ್ಗದಂತೆ ಎಷ್ಟು ಬಿಗಿ ಎಂಬ ಅಳತೆ) ಹತ್ತು ಸಾವಿರ ಬರುತ್ತದೆ. ಮಕ್ಕಳು ಗಾಬರಿಯಾಗಿ ಉತ್ತರಕ್ಕೆ ಹೊಂದುವಂತೆ ರೀಡಿಂಗ್ ತಿದ್ದುತ್ತಾರೆ. ಬೇಸರ ಅದಕ್ಕೇ. ಲ್ಯಾಬ್ ಇರುವುದು ಅಳೆಯುವುದನ್ನು ಕಲಿಸಲು.

ಸರಳಿಗೇ ಕಚ್ಚಿಸಿ ಹಿಗ್ಗುವಿಕೆ ಅಳೆಯುವ 0.01 ಮಿ.ಮೀ. ಡಯಲ್‌ನ ಎಕ್ಸ್‌ಟೆನ್ಸೋಮೀಟರ್ ಹಾಕಿದರೂ ಯೀಲ್ಡ್‌ವರೆಗೆ ಸಿಗುವುದು ಏಳು ಗೆರೆ. 0.001 ಆದರೆ ಎಪ್ಪತ್ತೈದು, ಗ್ರಾಫ್ ನೇರ ಬೀಳುತ್ತದೆ. 25 ಕಿಲೋನ್ಯೂಟನ್ ಹತ್ತಿರ ಅದನ್ನು ಬಿಚ್ಚಿಬಿಡಬೇಕು. ಸರಳು ತುಂಡಾಗುವಾಗ ಅದು ಸರಳಿನ ಮೇಲೇ ಇದ್ದರೆ ಅದರ ಕಥೆ ಮುಗಿಯಿತು.

ಇಷ್ಟು ಬೈದ ಮೇಲೂ ಈ ಮೆಷಿನ್ ಬದಲಿಸಲು ಮನಸ್ಸು ಬಾರದಿರುವುದು ಲೋಡ್ ತೋರಿಸುವ ಆ ದೊಡ್ಡ ಡಯಲ್‌ನಿಂದ. ಪ್ರತಿ ಟೆಸ್ಟ್‌ಗೂ ಒಂದೇ ಕ್ರಮ. ಮೊದಲು ಡಯಲ್‌ಗೆ ಜೋಡಿಸಿದ ಲೋಲಕಕ್ಕೆ ತೂಕ ಹಾಕಿ ರೇಂಜ್ ಆರಿಸುವುದು. ಈ ಸರಳು 410 ಎಂಪಿಎ ತಾಳಿದರೆ 46 ಕಿಲೋನ್ಯೂಟನ್ ಆಗುತ್ತದೆ, ಆದ್ದರಿಂದ 100ರ ರೇಂಜ್ ಸಾಕು. 16 ಮಿ.ಮೀ. ಟಿಎಂಟಿ ಆದರೆ ನೂರು ದಾಟುತ್ತದೆ, 200ಕ್ಕೆ ಹೋಗಬೇಕು. ಪಂಪ್ ಹಾಕಿ, ಬಲಗಡೆ ವಾಲ್ವ್ ಮೆಲ್ಲಗೆ ತಿರುಗಿಸಿ, ಟೇಬಲ್ ಒಂದು ಸೆಂಟಿಮೀಟರ್ ಎದ್ದ ಮೇಲೇ ಮುಳ್ಳನ್ನು ಸೊನ್ನೆಗೆ ತರುವುದು. ಎಬ್ಬಿಸುವ ಮೊದಲೇ ಸೊನ್ನೆ ಮಾಡಿದರೆ ಟೇಬಲ್‌ನ ತೂಕವೂ ಲೋಡ್‌ನಲ್ಲಿ ಸೇರುತ್ತದೆ. ಆಮೇಲೆ ಮೇಲಿನ ಜಾ, ಕೊನೆಗೆ ಕೆಳಗಿನದು.

ಲೋಡ್ ಏರುತ್ತ ಏರುತ್ತ ಮುಳ್ಳು ಒಂದು ಕಡೆ ತಡೆಯುತ್ತದೆ, ನಡುಗುತ್ತದೆ, ಚೂರು ಹಿಂದಕ್ಕೂ ಬರುತ್ತದೆ. ಅದೇ ಕ್ಷಣಕ್ಕೆ ಸರಳಿನ ಮೈಮೇಲಿನ ಕಪ್ಪು ಪೊರೆ ಓರೆ ಓರೆಯಾಗಿ ಬಿರಿದು ಪುಡಿಯಾಗಿ ಉದುರುತ್ತದೆ. ಕೆಳಗೆ ಬಿಳಿ ಹಾಳೆ ಹಾಸಿಟ್ಟರೆ ಕಾಣುತ್ತದೆ. ಯೀಲ್ಡ್ ಪಾಯಿಂಟ್ ಎಂದರೇನು ಎಂದು ಬೋರ್ಡ್ ಮೇಲೆ ಎಷ್ಟು ಗೆರೆ ಎಳೆದರೂ ಹೀಗೆ ತಲೆಗೆ ಹೋಗುವುದಿಲ್ಲ. ಕಂಪ್ಯೂಟರ್ ಮೆಷಿನ್‌ನಲ್ಲಿ ಎಲ್ಲರ ಕಣ್ಣೂ ಪರದೆ ಮೇಲೆ, ಸರಳನ್ನು ನೋಡುವವರಿಲ್ಲ. ಗರಿಷ್ಠ ಲೋಡ್‌ನಲ್ಲಿ, ಅದನ್ನು ಗುರುತಿಸುವ ಕೆಂಪು ಮುಳ್ಳು ಅಲ್ಲೇ ನಿಲ್ಲುತ್ತದೆ, ಲೋಡ್ ತೋರಿಸುವ ಕಪ್ಪು ಮುಳ್ಳು ಹಿಂದಿರುಗುತ್ತದೆ, ಸರಳು ಒಂದು ಕಡೆ ಕುತ್ತಿಗೆಯಂತೆ ಸಣ್ಣಗಾಗುತ್ತದೆ, ಆಮೇಲೆ ಢಣ್ ಎಂಬ ಸದ್ದು. ಮುರಿದ ತುಂಡನ್ನು ತಕ್ಷಣ ಮುಟ್ಟಿದರೆ ಬೆಚ್ಚಗಿರುತ್ತದೆ.

ಜಾ ಹಲ್ಲಿನಲ್ಲಿ ಆ ಕಪ್ಪು ಪೊರೆಯ ಪುಡಿ ತುಂಬಿದರೆ ಸರಳು ಜಾರುತ್ತದೆ, ಪ್ರತಿ ಬ್ಯಾಚ್ ಆದ ಮೇಲೂ ವೈರ್ ಬ್ರಷ್ ಹಾಕಬೇಕು. ಗ್ರೀಸ್ ಬೆಣೆಯ ಓರೆ ಬೆನ್ನಿಗೆ ಮಾತ್ರ, ಹಲ್ಲಿಗೆ ತಾಗಕೂಡದು. ಗೇಜ್ ಲೆಂಗ್ತ್ ತೋರಿಸಲು ಸರಳಿನ ಮೇಲೆ ಹೊಡೆಯುವ ಪಂಚ್ ಗುರುತು ಆಳವಾದರೆ ಗಟ್ಟಿ ಉಕ್ಕಿನ ಸರಳು ಗುರುತಿನಲ್ಲೇ ತುಂಡಾಗುವ ಅಪಾಯವಿದೆ, ಸರಳು ಶೇಕಡಾ ಎಷ್ಟು ಹಿಗ್ಗಿತು ಎಂಬ ಲೆಕ್ಕ ಕೆಡುತ್ತದೆ.

ಹೊಸದಾಗಿ ಕೊಳ್ಳುವ ಕಾಲೇಜಿನವರು, ಬಜೆಟ್ ಚಿಕ್ಕದಿದ್ದರೆ ಡಯಲ್ ಮಾದರಿಯನ್ನೇ ತೆಗೆದುಕೊಳ್ಳಿ. ಆದರೆ ಕೊಟೇಶನ್ ಕೇಳುವಾಗಲೇ 0.001 ಮಿ.ಮೀ. ಎಕ್ಸ್‌ಟೆನ್ಸೋಮೀಟರ್, 10–20 ಮಿ.ಮೀ. ಜಾ ಇನ್ಸರ್ಟ್‌ನ ಎರಡನೇ ಸೆಟ್ ಎರಡನ್ನೂ ಬರೆಸಿ.